ನಮ್ಮ ವಕೀಲರು ಮಂತ್ರಿಯಾದರು

ಅವರು ಮಂತ್ರಿಯಾದ ಸುದ್ದಿಯನ್ನು ನನಗೆ ತಿಳಿಸಿದ್ದು ಆ ಹುಡುಗಿ. ಶುಕ್ರವಾರ ಮಧ್ಯಾಹ್ನ ಆಸ್ಟಿನ್‌ನ ಕಿವುಡ ಮಕ್ಕಳ ವಸತಿ ಶಾಲೆಯ ಗೇಟಿನ ಹತ್ತಿರ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದೆ. ವಾರಾಂತ್ಯಕ್ಕೆ ಅವಳು ನಮ್ಮ ಮನೆಗೆ ಬರುತ್ತಾಳೆ. ಕಾಗದಪತ್ರದ ಪ್ರಕಾರ ನಾನು ಅವಳ ಗಾರ್ಡಿಯನ್. ಬ್ಯಾಗನ್ನು ಹಿಂದಿನ ಸೀಟಿಗೆ ಎಸೆದವಳೇ ಫೋನನ್ನು ನನ್ನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು. ಬ್ರಿಟನ್ನಿನ ಹೊಸ ಸಚಿವರ ಪಟ್ಟಿ. ಕೆಳಗಡೆ ಎಲ್ಲೋ ಅವರ ಹೆಸರು, ಪಕ್ಕದಲ್ಲೊಂದು ಸಣ್ಣ ಫೋಟೋ. ಕೂದಲು ತೆಳ್ಳಗಾಗಿತ್ತು.

"ನಮ್ಮ ವಕೀಲರು!" ಎಂದು ಕೈಯಲ್ಲಿ ಹೇಳಿದಳು.

ನಾನು ತಲೆಯಾಡಿಸಿ ಕಾರು ಸ್ಟಾರ್ಟ್ ಮಾಡಿದೆ. ಡ್ರೈವ್ ಮಾಡುವಾಗ ಕೈಭಾಷೆಯಲ್ಲಿ ಉತ್ತರ ಕೊಡಲಾಗುವುದಿಲ್ಲ. ಆ ದಿನ ಅದು ನನಗೆ ಅನುಕೂಲವೇ ಆಯಿತು. ಆದರೆ ಮೊದಲ ಸಿಗ್ನಲ್‌ನಲ್ಲಿ ಕೆಂಪು ದೀಪ ಬಿತ್ತು. ಅವಳು ನನ್ನ ಭುಜ ತಟ್ಟಿದಳು.

"ಈಗ ಅವರು ದೊಡ್ಡವರು. ಅಮ್ಮನನ್ನು ವಾಪಸ್ ಕರೆಸಬಹುದು, ಅಲ್ವಾ?"

"ಅವರು ಬೇರೆ ದೇಶದ ಮಂತ್ರಿ ಕಣೇ."

"ಮಂತ್ರಿ ಮಂತ್ರಿಯೇ. ನಾನು ಕಾಗದ ಬರೀತೀನಿ."

ಹಸಿರು ದೀಪ ಬಂತು. ನಾನು ರಸ್ತೆ ನೋಡಿದೆ.

ಅವಳ ಅಮ್ಮ ಈಗ ಗದಗಿನಲ್ಲಿದ್ದಾರೆ. ಹತ್ತು ವರ್ಷ ಈ ದೇಶಕ್ಕೆ ಕಾಲಿಡುವಂತಿಲ್ಲ. ಅದು ಹೇಗಾಯಿತೆಂದು ಬರೆಯಬೇಕಾದರೆ ಆ ವಕೀಲರ ಏಳಿಗೆಯನ್ನೂ ಬರೆಯಬೇಕು, ನನ್ನದನ್ನೂ ಬರೆಯಬೇಕು. ಅವರ ಪಕ್ಷ ಯಾವುದು, ಇಲಾಖೆ ಯಾವುದು ಎಂದು ಹೇಳುವುದಿಲ್ಲ. ಗುರುತು ಹಚ್ಚುವುದು ನನಗೆ ಬೇಕಿಲ್ಲ.

ನಮ್ಮಪ್ಪ ತಾಲ್ಲೂಕು ಕೋರ್ಟಿನಲ್ಲಿ ಒಬ್ಬ ವಕೀಲರ ಗುಮಾಸ್ತರಾಗಿದ್ದರು. ಫೈಲುಗಳ ಕಟ್ಟು ಹೊತ್ತುಕೊಂಡು ಸೀನಿಯರ್ ಹಿಂದೆ ಓಡುವುದು, ಪ್ರತಿಗಳನ್ನು ಹೊಲಿಯುವುದು, ವಾಯಿದೆಯ ತಾರೀಕು ಬರೆದುಕೊಳ್ಳುವುದು ಅವರ ಕೆಲಸ. ಏಳನೇ ಕ್ಲಾಸು ಓದಿದವರು. ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಬಿ.ಎ. ಆದಮೇಲೆ ಮೈಸೂರಿನಲ್ಲಿ ಲಾ ಓದಿದೆ. ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾ ಓದಿದೆ. ಆಮೇಲೆ ವಿದ್ಯಾರ್ಥಿವೇತನ ಸಿಕ್ಕಿ ಆಸ್ಟಿನ್‌ಗೆ ಬಂದು ಎಲ್ಎಲ್ಎಂ ಮಾಡಿದೆ. ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ಯಾರೂ ತಟ್ಟೆಯಲ್ಲಿಟ್ಟು ಕೊಟ್ಟಿದ್ದಲ್ಲ.

ಎರಡು ಸಾವಿರದ ಹದಿಮೂರರಲ್ಲಿ ಹ್ಯೂಸ್ಟನ್‌ನ ಎನರ್ಜಿ ಕಾರಿಡಾರ್ ಎಂಬ ಬಡಾವಣೆಯಲ್ಲಿ ಒಂದು ವಕೀಲರ ಆಫೀಸು ಸೇರಿದೆ. ತೈಲ ಕಂಪನಿಗಳ ಒಪ್ಪಂದಗಳನ್ನು ಓದಿ ತಪ್ಪು ಹುಡುಕುವ ಕೆಲಸ. ಟೆಕ್ಸಸ್‌ನಲ್ಲಿ ವಕೀಲಿ ಮಾಡುವ ಪರವಾನಗಿ ನನಗಿನ್ನೂ ಇರಲಿಲ್ಲ, ಪರೀಕ್ಷೆಗೆ ಓದಿಕೊಳ್ಳುತ್ತಿದ್ದೆ. ಅಲ್ಲಿಗೆ ಲಂಡನ್ ಶಾಖೆಯಿಂದ ಎರಡು ವರ್ಷದ ಮಟ್ಟಿಗೆ ಬಂದಿದ್ದವರು ಈ ಮಂತ್ರಿಗಳು. ನ್ಯೂಯಾರ್ಕಿನ ವಕೀಲಿ ಪರೀಕ್ಷೆಯನ್ನೂ ಪಾಸು ಮಾಡಿ ಅಲ್ಲಿನ ಪರವಾನಗಿ ಪಡೆದಿದ್ದರು.

ಮೊದಲ ವಾರವೇ ಕೇಳಿದರು, "ನಿಮ್ಮ ಮನೆಯಲ್ಲಿ ಇನ್ಯಾರು ವಕೀಲರು?"

"ಯಾರೂ ಇಲ್ಲ. ನಮ್ಮಪ್ಪ ಗುಮಾಸ್ತ."

ಅವರ ಮುಖ ಅರಳಿತು. "ನಮ್ಮಮ್ಮ ಸ್ಕೂಲಿನ ಅಡುಗೆಮನೆಯಲ್ಲಿ ತಟ್ಟೆ ತೊಳೀತಿದ್ರು. ನಾನು ಕಾಲೇಜಿಗೆ ಹೊರಟಾಗ ಇಡೀ ಬೀದಿ ಬಂದು ನೋಡಿತ್ತು."

ಅಲ್ಲಿಂದ ನಾವು ಒಂದೇ ಊರಿನವರ ಹಾಗೆ ಆದೆವು. ಅವರಿಗೆ ಫ್ರೀವೇಯಲ್ಲಿ ಕಾರು ಓಡಿಸಲು ಜೀವಭಯ. ಆರು ತಿಂಗಳ ಹಿಂದೆ ಲೈಸೆನ್ಸ್ ಪಡೆದಿದ್ದ ನಾನೇ ಡ್ರೈವರ್. "ಇಂಗ್ಲೆಂಡನ್ನ ಭಾರತ ಓಡಿಸ್ತಿದೆ ನೋಡಿ," ಎನ್ನುತ್ತಿದ್ದರು ಅವರು, ಸೀಟಿನ ಅಂಚು ಹಿಡಿದುಕೊಂಡು. ಬೆಳಗಿನ ಹೊತ್ತು ಆಫೀಸಿನ ಪಾರ್ಕಿಂಗ್‌ನಲ್ಲಿ ನಿಂತು ತಮ್ಮೂರಿನ ಪಕ್ಷದವರೊಂದಿಗೆ ಫೋನಿನಲ್ಲಿ ಮಾತಾಡುತ್ತಿದ್ದರು. ರಸ್ತೆ ಗುಂಡಿ, ಮುಚ್ಚುತ್ತಿರುವ ಲೈಬ್ರರಿ, ಯಾರದೋ ಪಿಂಚಣಿ. ಎರಡು ಸಲ ಊರಿನ ಕೌನ್ಸಿಲರ್ ಆಗಿದ್ದವರು. ವಕೀಲಿ ಅವರಿಗೆ ಮೆಟ್ಟಿಲು, ಮೇಲಿನ ಮನೆ ರಾಜಕೀಯ ಎಂಬುದು ನನಗೆ ಆಗಲೇ ಗೊತ್ತಿತ್ತು. ತಪ್ಪೆಂದು ಅನ್ನಿಸಿರಲಿಲ್ಲ. ಈಗಲೂ ಅನ್ನಿಸುವುದಿಲ್ಲ.

ಹುಡುಗಿಯ ಅಮ್ಮ, ನಾನು ಆಂಟಿ ಎಂದು ಕರೆಯುವವರು, ಸಿಕ್ಕಿದ್ದು ಡಲ್ಲಾಸ್ ಪಕ್ಕದ ರಿಚರ್ಡ್‌ಸನ್‌ನಲ್ಲಿ. ಅಲ್ಲಿನ ಯೂನಿವರ್ಸಿಟಿ ಹುಡುಗರಿಗೆ ಜೋಳದ ರೊಟ್ಟಿ, ಪಲ್ಯ ಮಾಡಿಕೊಡುತ್ತಿದ್ದರು. ಗೆಳತಿಯ ಅಪಾರ್ಟ್‌ಮೆಂಟಿಗೆ ಹೋಗಿದ್ದಾಗ ಅವರೇ ಡಬ್ಬಿ ಹಿಡಿದು ಬಂದರು, ಜೊತೆಗೆ ಹನ್ನೆರಡು ವರ್ಷದ ಮಗಳು. ಗಂಡ ಟೆಲಿಕಾಂ ಕಂಪನಿಯಲ್ಲಿದ್ದವರು, ಏಳು ವರ್ಷದ ಹಿಂದೆ ತೀರಿಕೊಂಡಿದ್ದರು. ಗಂಡನ ವೀಸಾದ ಬಾಲದಲ್ಲಿ ಬಂದ ಹೆಂಡತಿಗೆ ಗಂಡ ಹೋದಮೇಲೆ ಇಲ್ಲಿರುವ ಹಕ್ಕಿಲ್ಲ. ಆದರೂ ಉಳಿದಿದ್ದರು. ಮಗಳು ಇಲ್ಲೇ ಹುಟ್ಟಿದವಳು, ಹುಟ್ಟಾ ಕಿವುಡಿ. ಅವಳ ಓದು, ಮಾತು, ಗೆಳೆತನವೆಲ್ಲ ಇಲ್ಲಿನ ಕೈಭಾಷೆಯಲ್ಲಿ.

"ಏನವಾ ತಂಗಿ, ನೀ ವಕೀಲ್ಕಿ ಕಲ್ತಾಕಿ ಅಂತಲ್ಲ? ಈ ಕಾಗದ ಒಂಚೂರು ನೋಡು," ಎಂದು ಆಂಟಿ ಡಬ್ಬಿಯ ಚೀಲದಿಂದ ಒಂದು ಲಕೋಟೆ ತೆಗೆದರು. ದೇಶದಿಂದ ಹೊರಗೆ ಕಳಿಸುವ ವಿಚಾರಣೆಯ ನೋಟೀಸು.

ನನ್ನನ್ನು ಯಾರೋ ಮೊದಲ ಸಲ ವಕೀಲಳೆಂದು ನಂಬಿ ಕಾಗದ ಕೊಟ್ಟಿದ್ದರು. ಆ ಹೆಮ್ಮೆ ಎಷ್ಟಿತ್ತೆಂದು ಈಗ ನೆನೆದರೆ ನಾಚಿಕೆಯಾಗುತ್ತದೆ. "ನೀವು ಚಿಂತೆ ಮಾಡ್ಬೇಡಿ ಆಂಟಿ, ನನಗೆ ಬಿಡಿ," ಎಂದೆ.

ವಲಸೆ ಕೋರ್ಟಿನಲ್ಲಿ ಯಾವ ರಾಜ್ಯದ ಪರವಾನಗಿ ಇದ್ದರೂ ನಡೆಯುತ್ತದೆ. ಅವರಿಗಿತ್ತು, ನನಗಿರಲಿಲ್ಲ. ಸೋಮವಾರ ಅವರ ಮೇಜಿನ ಮೇಲೆ ಆ ನೋಟೀಸು ಇಟ್ಟೆ. ಎರಡು ಸಲ ಓದಿ, "ಉಚಿತವಾಗಿ ಮಾಡೋಣ. ಆಫೀಸನ್ನ ನಾನು ಒಪ್ಪಿಸ್ತೀನಿ," ಎಂದರು. ಹತ್ತು ವರ್ಷಕ್ಕೂ ಹೆಚ್ಚು ಇಲ್ಲಿದ್ದು, ತಾಯಿ ಹೋದರೆ ಇಲ್ಲಿ ಹುಟ್ಟಿದ ಮಗುವಿಗೆ ಅಸಾಧಾರಣ ಕಷ್ಟವಾಗುತ್ತದೆಂದು ತೋರಿಸಿದರೆ ನ್ಯಾಯಾಧೀಶರು ಉಳಿಯಲು ಬಿಡಬಹುದು. ನಮ್ಮ ಕೈಯಲ್ಲಿದ್ದ ದಾರಿ ಅದೊಂದೇ.

ಒಂದು ವರ್ಷ ದುಡಿದೆವು. ತಿಂಗಳಿಗೊಮ್ಮೆ ಹ್ಯೂಸ್ಟನ್‌ನಿಂದ ಡಲ್ಲಾಸ್‌ಗೆ ನಾಲ್ಕು ಗಂಟೆಯ ದಾರಿ, ನಾನು ಡ್ರೈವರ್, ಅವರು ಪಕ್ಕದಲ್ಲಿ ಫೈಲು ಓದುತ್ತಾ. ಪ್ರತಿ ಹೇಳಿಕೆಯನ್ನೂ ಆಂಟಿಯ ಎದುರು ಗಟ್ಟಿಯಾಗಿ ಓದಿ, ನಾನು ಕನ್ನಡದಲ್ಲಿ ಹೇಳಿ, ಅವರು ಹೂಂ ಅಂದಮೇಲೇ ಸಹಿ. ಮಗಳ ಜೊತೆ ಮಾತಾಡಲೆಂದು ನಲವತ್ತರ ಮೇಲಾದ ಆ ಮನುಷ್ಯ ಕೈಭಾಷೆಯ ಇಪ್ಪತ್ತು ಮೂವತ್ತು ಶಬ್ದ ಕಲಿತರು. ತಪ್ಪಾಗಿ ಮಾಡಿದಾಗ ಅವಳು ಬಿದ್ದು ಬಿದ್ದು ನಗುತ್ತಿದ್ದಳು. ಆಂಟಿ ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ ನನಗೆ ಹೇಳುವರು, "ಸಾಹೇಬ್ರಿಗೆ ಹೇಳು, ಖಾರ ಆದ್ರ ಮೊಸರು ಹಚ್ಕೋರಿ ಅಂತ. ಮೂಗು ನೋಡು ಹೆಂಗ ಟೊಮ್ಯಾಟೊ ಆಗೇತಿ."

ವಿಚಾರಣೆಯ ದಿನವನ್ನು ನಾವೇ ಎರಡು ಸಲ ಮುಂದೂಡಿಸಿಕೊಂಡಿದ್ದೆವು. ಒಮ್ಮೆ ಶಾಲೆಯ ದಾಖಲೆಗೆಂದು, ಇನ್ನೊಮ್ಮೆ ಕಿವಿಯ ತಜ್ಞೆಯ ಸಾಕ್ಷ್ಯಕ್ಕೆಂದು. ಮೂರನೆಯ ದಿನ ನಿಗದಿಯಾಯಿತು, ಒಂದು ಸೋಮವಾರ ಬೆಳಗ್ಗೆ, ಡಲ್ಲಾಸ್‌ನಲ್ಲಿ. ಅದಕ್ಕೆ ಹತ್ತು ದಿನ ಮುಂಚೆ ವಕೀಲರ ಊರಿನ ಸಂಸದ ಮುಂದಿನ ಚುನಾವಣೆಗೆ ನಿಲ್ಲುವುದಿಲ್ಲ ಎಂದು ಘೋಷಿಸಿದ. ಪಕ್ಷದ ಹೊಸ ಅಭ್ಯರ್ಥಿಯನ್ನು ಆರಿಸುವ ಸಭೆ ವಿಚಾರಣೆಯ ಹಿಂದಿನ ಶನಿವಾರ.

ಅವರು ಬಾಗಿಲು ಹಾಕಿಕೊಂಡು ನನ್ನನ್ನು ಕೂರಿಸಿಕೊಂಡರು. "ಶನಿವಾರ ಸಭೆ, ಭಾನುವಾರ ಬೆಳಗ್ಗೆ ವಿಮಾನ, ಸಂಜೆ ಡಲ್ಲಾಸ್. ಆಗುತ್ತೆ. ಆದರೂ ಈಗಲೇ ಇನ್ನೊಂದು ದಿನ ಕೇಳಿ ಅರ್ಜಿ ಹಾಕಿಬಿಡಲಾ?"

ಈ ಪ್ರಶ್ನೆಯನ್ನು ಅವರು ಕೇಳಿದ್ದು ನಿಜ. ನಾನು ಕೊಟ್ಟ ಉತ್ತರವೂ ನಿಜ.

"ಬೇಡ ಸರ್. ಮೂರನೇ ಸಲ ಕೇಳಿದರೆ ಜಡ್ಜ್‌ಗೆ ಸಿಟ್ಟು ಬರುತ್ತೆ. ಅಕಸ್ಮಾತ್ ನೀವು ತಡವಾದ್ರೆ ನಾನು ಅಲ್ಲಿರ್ತೀನಲ್ಲ, ಕ್ಲರ್ಕ್ ಹತ್ತಿರ ಹೇಳಿ ಕೊನೆಗೆ ಕೂಗಿಸ್ತೀನಿ. ತೀರಾ ಆಗದಿದ್ರೆ ವಾಯಿದೆ ಕೊಡ್ತಾರೆ. ಕೋರ್ಟು ಅಂದ್ರೆ ಅಷ್ಟೇ."

ನಾನು ನೋಡಿ ಬೆಳೆದ ಕೋರ್ಟು ಹಾಗಿತ್ತು. ಸೀನಿಯರ್ ಬೇರೆ ಕೋರ್ಟಿನಲ್ಲಿದ್ದರೆ ನಮ್ಮಪ್ಪ ಬೆಂಚ್ ಕ್ಲರ್ಕಿನ ಪಕ್ಕ ಬಗ್ಗಿ ನಿಂತು ಏನೋ ಪಿಸುಗುಟ್ಟುತ್ತಿದ್ದರು. ಫೈಲು ಕಟ್ಟಿನ ತಳಕ್ಕೆ ಹೋಗುತ್ತಿತ್ತು. ಕೇಸು ಮತ್ತೆ ಕೂಗಿದಾಗಲೂ ಸೀನಿಯರ್ ಇಲ್ಲದಿದ್ದರೆ ಜೂನಿಯರ್ ಎದ್ದು ನಿಂತರೆ ಸಾಕು, ಮುಂದಿನ ತಿಂಗಳ ತಾರೀಕು. ನಮ್ಮಪ್ಪನ ಜಾಣತನವೆಲ್ಲ ಅದರಲ್ಲೇ ಇತ್ತು. ಅದು ಜಗತ್ತಿನ ಎಲ್ಲ ಕೋರ್ಟುಗಳ ರೀತಿಯೆಂದು ನಾನು ತಿಳಿದಿದ್ದೆ. ಎಲ್ಎಲ್ಎಂ ಓದಿಯೂ ತಿಳಿದಿದ್ದೆ. ಅವರಿಗೆ ಅದು ತಪ್ಪೆಂದು ಗೊತ್ತಾಗಬೇಕಿತ್ತು. ಆದರೆ ಅವರಿಗೆ ಹೋಗಬೇಕಿತ್ತು, ನಾನು ಬಾಗಿಲು ತೆರೆದುಕೊಟ್ಟೆ.

ಶನಿವಾರ ಅವರು ಆಯ್ಕೆಯಾದರು. ಊರಿನ ಪತ್ರಿಕೆಯವರು ಭಾನುವಾರ ಬೆಳಗ್ಗೆ ಅಮ್ಮನ ಜೊತೆ ಫೋಟೋ ಬೇಕೆಂದರಂತೆ. ಬೆಳಗಿನ ವಿಮಾನ ಬಿಟ್ಟು ಮಧ್ಯಾಹ್ನದ್ದು ಹತ್ತಿದರು. ಅದು ತಡವಾಗಿ ಹೊರಟಿತು, ನಡುವೆ ಬದಲಾಯಿಸಬೇಕಿದ್ದ ವಿಮಾನ ತಪ್ಪಿತು.

ಸೋಮವಾರ ಎಂಟು ಗಂಟೆಗೆ ಕೋರ್ಟಿನ ಕಾರಿಡಾರಿನಲ್ಲಿ ಆಂಟಿ ಕೇಳಿದರು, "ಸಾಹೇಬ್ರು ಎಲ್ಲಿ ಅದಾರ?"

"ಬರ್ತಿದಾರೆ ಆಂಟಿ. ತಡ ಆದ್ರೆ ಬೇರೆ ದಿನ ಕೊಡ್ತಾರೆ. ನೀವು ಆರಾಮಾಗಿರಿ."

ಕ್ಲರ್ಕ್ ಹತ್ತಿರ ಹೋಗಿ ಬಗ್ಗಿ ಹೇಳಿದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿ, ಬಂದು ಪಿಸುಗುಟ್ಟಬಾರದು, ಹಿಂದೆ ಕೂರಿ ಎಂದಳು. ಕೇಸು ಕರೆದರು. ನಾನು ಎದ್ದು ನಿಂತೆ.

"ನಿಮಗೆ ಪರವಾನಗಿ ಇದೆಯೇ?" ಎಂದರು ನ್ಯಾಯಾಧೀಶರು.

"ಇಲ್ಲ, ಆದರೆ..."

"ಹಾಗಾದರೆ ಕುಳಿತುಕೊಳ್ಳಿ."

ಕುಳಿತೆ. ದಿನ ಮುಂದೂಡಲು ಯಾವ ಅರ್ಜಿಯೂ ಬಂದಿಲ್ಲ, ಈಗಾಗಲೇ ಎರಡು ಸಲ ಮುಂದೂಡಿದೆ, ಇವತ್ತು ವಿಚಾರಣೆ ನಡೆಯುತ್ತದೆ ಎಂದರು. ಅವರ ಧ್ವನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಆಂಟಿ ಒಬ್ಬರೇ ಮುಂದಿನ ಮೇಜಿನಲ್ಲಿ ಕುಳಿತು, ಫೋನಿನಲ್ಲಿದ್ದ ಯಾರೋ ಅನುವಾದಕನ ಮೂಲಕ ಉತ್ತರಿಸಿದರು. ತಜ್ಞೆಯನ್ನು ಫೋನಿನಲ್ಲಿ ಪ್ರಶ್ನಿಸಬೇಕಿದ್ದ ವಕೀಲರಿಲ್ಲ, ತಜ್ಞೆಯನ್ನು ಯಾರೂ ಕರೆಯಲಿಲ್ಲ. ಸರಕಾರದ ವಕೀಲೆ ಕೇಳಿದಳು, ನಿಮ್ಮ ದೇಶದಲ್ಲಿ ಕಿವುಡರ ಶಾಲೆ ಇದೆಯೇ? ಆಂಟಿ ಪ್ರಾಮಾಣಿಕವಾಗಿ, "ಅದಾವ್ರಿ, ದೊಡ್ಡ ದೊಡ್ಡ ಊರಾಗ ಅದಾವ," ಎಂದರು. ಮಗಳ ಕೈಭಾಷೆ ಬೇರೆ, ಅಲ್ಲಿಯದು ಬೇರೆ ಎಂದು ಹೇಳಬೇಕೆಂದು ಅವರಿಗೆ ಹೊಳೆಯಲಿಲ್ಲ. ಆ ಮಾತನ್ನು ಅವರ ಬಾಯಿಂದ ಹೊರಡಿಸಲೆಂದೇ ನಾವು ಒಂದು ವರ್ಷ ದುಡಿದಿದ್ದೆವು.

ಅರ್ಜಿ ವಜಾ ಆಯಿತು. ವಕೀಲರು ಪೆಟ್ಟಿಗೆ ಎಳೆದುಕೊಂಡು ಓಡಿಬಂದಾಗ ಹನ್ನೆರಡೂವರೆ. ನಾವು ಕಟ್ಟಡದ ಹೊರಗೆ ಬಿಸಿಲಿನಲ್ಲಿ ನಿಂತಿದ್ದೆವು.

ಅಪ್ಪನಿಗೆ ಫೋನ್ ಮಾಡಿದೆ. "ವಾಯಿದೆ ಕೊಡ್ಲಿಲ್ವಾ? ಎಂಥಾ ಕೋರ್ಟಮ್ಮ ಅದು?" ಎಂದರು. ಎರಡು ಮೂರು ಸಲ ಅದನ್ನೇ ಕೇಳಿದರು.

ಮೇಲ್ಮನವಿಗೆ ಮೂವತ್ತು ದಿನ. ಆ ವಾರ ವಕೀಲರು ಒಂದು ಹಾಳೆಯಲ್ಲಿ ಕೈಯಾರೆ ಬರೆದು ತೋರಿಸಿದರು: ದಿನ ಮುಂದೂಡುವ ಅರ್ಜಿಯನ್ನು ನಾನು ಹಾಕಬೇಕಿತ್ತು, ಹಾಕಲಿಲ್ಲ, ಈ ತಾಯಿಯ ತಪ್ಪೇನೂ ಇಲ್ಲ. ವಕೀಲನ ತಪ್ಪಿನಿಂದ ಕೇಸು ಸೋತಿತೆಂದು ಸಾಬೀತಾದರೆ ಮತ್ತೆ ವಿಚಾರಣೆ ಸಿಗುವ ಸಾಧ್ಯತೆಯಿತ್ತು. ಆದರೆ ಅದಕ್ಕೊಂದು ಕ್ರಮವಿದೆ. ಆ ವಕೀಲನ ಮೇಲೆ ಪರವಾನಗಿ ಕೊಟ್ಟ ಮಂಡಳಿಗೆ ದೂರು ಹೋಗಬೇಕು. ನಾಲ್ಕು ದಿನವಾದ ಮೇಲೆ ಟೈಪ್ ಮಾಡಲೆಂದು ನನ್ನ ಮೇಜಿಗೆ ಬಂದ ಹಾಳೆಯಲ್ಲಿ ಆ ಸಾಲುಗಳಿರಲಿಲ್ಲ. "ವಿಮಾನದ ಅನಿವಾರ್ಯ ವಿಳಂಬದಿಂದ" ಎಂದಿತ್ತು.

ಹಾಳೆ ಹಿಡಿದು ಅವರ ಕೋಣೆಗೆ ಹೋದೆ. "ಆ ಸಾಲು ಎಲ್ಲಿ ಸರ್?"

ಅವರು ಕಿಟಕಿ ನೋಡಿದರು. "ದೂರು ದಾಖಲಾದರೆ ನಾಳೆ ನಮ್ಮೂರಿನ ಪತ್ರಿಕೆಯಲ್ಲಿ ಬರುತ್ತೆ. ಅಮ್ಮನ ಫೋಟೋ ಬಂದಿತ್ತಲ್ಲ, ಅದೇ ಪುಟದಲ್ಲಿ." ನನ್ನ ಕಡೆ ತಿರುಗಿ, "ಮತ್ತೆ, ಪೂರ್ತಿ ಬರೆಯೋದಾದ್ರೆ ಪೂರ್ತಿ ಬರೀಬೇಕು. ನಾನು ಕೇಳಿದ್ದು, ನೀವು ಹೇಳಿದ್ದು. ಪರವಾನಗಿ ಇಲ್ಲದೆ ಸಲಹೆ ಕೊಟ್ಟಿದ್ದು. ನಿಮ್ಮ ಪರವಾನಗಿಯ ಅರ್ಜಿ ಇನ್ನೂ ಇಲ್ಲಿನ ಮಂಡಳಿಯ ಮುಂದಿದೆ, ಅಲ್ವಾ?" ಎಂದರು.

ಅದು ಬೆದರಿಕೆಯಾಗಿರಲಿಲ್ಲ. ಇದ್ದ ಸಂಗತಿಯನ್ನು ಹೇಳಿದರು. ಪರವಾನಗಿ ಕೊಡುವವರು ನಡತೆಯನ್ನೂ ವಿಚಾರಿಸುತ್ತಾರೆ. ಅಪ್ಪ ಆಗಲೇ ಊರಿನಲ್ಲಿ ತಮ್ಮ ಸೀನಿಯರ್‌ಗೆ, ಕ್ಯಾಂಟೀನಿನವನಿಗೆ, ಎಲ್ಲರಿಗೂ ಮಗಳು ಅಮೆರಿಕದಲ್ಲಿ ವಕೀಲಳಾಗುತ್ತಾಳೆಂದು ಹೇಳಿಕೊಂಡು ಬಂದಿದ್ದರು. ನಾವಿಬ್ಬರೂ ಮನೆಯ ಮೊದಲ ಪದವೀಧರರು. ಏರಿದ ಮೆಟ್ಟಿಲಿನಿಂದ ಇಳಿಯುವುದು ಹೇಗೆಂದು ಇಬ್ಬರಿಗೂ ಯಾರೂ ಕಲಿಸಿರಲಿಲ್ಲ. ನಾನು ಮೇಜಿಗೆ ಹಿಂತಿರುಗಿ ಟೈಪ್ ಮಾಡಿದೆ. ಒಂದು ಅಕ್ಷರವೂ ತಪ್ಪಾಗಲಿಲ್ಲ.

ಮೇಲ್ಮನವಿಯ ತೀರ್ಪು ಬರುವ ಹೊತ್ತಿಗೆ ಅವರು ಸಂಸದರಾಗಿದ್ದರು. ಅವರ ಪ್ರಚಾರದ ಕರಪತ್ರವನ್ನು ಇಂಟರ್ನೆಟ್‌ನಲ್ಲಿ ನೋಡಿದ್ದೆ. ಅಮೆರಿಕದಲ್ಲಿ ಬಡ ತಾಯಿಯೊಬ್ಬಳ ಪರ ಉಚಿತವಾಗಿ ದುಡಿದವರು ಎಂಬ ಸಾಲಿತ್ತು. ಸುಳ್ಳಲ್ಲ. ನನಗೂ ಪರವಾನಗಿ ಸಿಕ್ಕಿತ್ತು. ಅಪ್ಪ ಕೋರ್ಟಿನ ಆವರಣದಲ್ಲಿ ಮೈಸೂರುಪಾಕು ಹಂಚಿದ್ದರು. ತೀರ್ಪು ಎರಡೇ ಪುಟ. ವಿಮಾನ ತಡವಾದದ್ದು ಮತ್ತೆ ವಿಚಾರಿಸಲು ಸಾಕಾದ ಕಾರಣವಲ್ಲ.

ಮಗಳನ್ನು ಕರೆದುಕೊಂಡು ಹೋಗುವುದೋ ಬಿಟ್ಟು ಹೋಗುವುದೋ ಎಂದು ಆಂಟಿ ಒಂದು ವಾರ ಯೋಚಿಸಿದರು. ಆಮೇಲೆ ನನ್ನನ್ನು ಕರೆಸಿ ಹೇಳಿದರು, "ನಾ ಒಬ್ಬಾಕಿ ಹೋಗ್ತೀನಿ. ಅಕಿ ಮಾತು ಇಲ್ಲೇ ಐತಿ. ಅಲ್ಲಿ ಕರ್ಕೊಂಡು ಹೋದ್ರ ಅಕಿ ಮೂಕಿ ಆಗ್ತಾಳ. ನೀ ನೋಡ್ಕೊಂತೀಯಲ್ಲ?" ನಾನು ಹ್ಯೂಸ್ಟನ್ ಬಿಟ್ಟು ಆಸ್ಟಿನ್‌ಗೆ ಶಿಫ್ಟ್ ಆದೆ. ಅಲ್ಲಿ ದ ಡೊಮೇನ್ ಎಂಬ ಬಡಾವಣೆಯಲ್ಲಿರುವ ಒಂದು ಕಂಪನಿಯ ಒಪ್ಪಂದಗಳನ್ನು ನೋಡುತ್ತೇನೆ. ಕೈಭಾಷೆ ಕಲಿತೆ. ಪುಣ್ಯಾತ್ಗಿತ್ತಿ ಎಂದು ಇಲ್ಲಿನ ಕನ್ನಡ ಸಂಘದ ಆಂಟಿಯರು ನನ್ನನ್ನು ಹೊಗಳುತ್ತಾರೆ. ನಾನು ಮಾತು ಬದಲಿಸುತ್ತೇನೆ.

ಆ ಶುಕ್ರವಾರದ ಮರುದಿನವೇ ಹುಡುಗಿ ಮಂತ್ರಿಗಳಿಗೆ ಕಾಗದ ಬರೆದಳು. ಎರಡು ಪುಟ, ಇಂಗ್ಲಿಷಿನಲ್ಲಿ. ನಾನು ತಿದ್ದಲಿಲ್ಲ. ಎರಡು ತಿಂಗಳಿಗೆ ಉತ್ತರ ಬಂತು. ಗಟ್ಟಿ ಕಾಗದ, ಮೇಲೆ ಲಾಂಛನ. ಮಂತ್ರಿಗಳು ಧನ್ಯವಾದ ಹೇಳಿದ್ದಾರೆ. ಬೇರೆ ದೇಶದ ನ್ಯಾಯಾಲಯದ ವಿಷಯದಲ್ಲಿ ಅವರಿಂದ ಏನನ್ನೂ ಮಾಡಲಾಗದು. ಕೆಳಗೆ ಮಸಿಯಲ್ಲಿ, ನನಗೆ ಚೆನ್ನಾಗಿ ಗೊತ್ತಿದ್ದ ಅಕ್ಷರದಲ್ಲಿ ಒಂದು ಸಾಲು: ಆ ದಿನದ ವಿಮಾನವನ್ನು ನಾನು ಇಂದಿಗೂ ಶಪಿಸುತ್ತೇನೆ.

ಹುಡುಗಿ ಅದನ್ನು ಓದಿ ಟೇಬಲ್ ಗುದ್ದಿದಳು. "ದರಿದ್ರ ವಿಮಾನ!" ಅಳುವಾಗ ಅವಳ ಕೈಗಳು ಮಾತಾಡುತ್ತಲೇ ಇರುತ್ತವೆ, ಆ ವಿಮಾನ, ಆ ವಿಮಾನ ಎಂದು ಮತ್ತೆ ಮತ್ತೆ ಅದೇ ಸನ್ನೆ, ಹೆಬ್ಬೆರಳು, ತೋರುಬೆರಳು, ಕಿರುಬೆರಳು ಚಾಚಿದ ಕೈ ಗಾಳಿಯಲ್ಲಿ ಹೋಗಿ ಹೋಗಿ ನಿಲ್ಲುತ್ತಿತ್ತು.

ಮರುದಿನ ಬೆಳಗ್ಗೆ ಅವಳು ಸ್ನಾನಕ್ಕೆ ಹೋಗಿದ್ದಾಗ ಗದಗಿಗೆ ಫೋನ್ ಮಾಡಿದೆ. ಎಲ್ಲವನ್ನೂ ಹೇಳಿದೆ. ವಕೀಲರು ಅರ್ಜಿ ಹಾಕಲಾ ಎಂದು ಕೇಳಿದ್ದು, ನಾನು ಬೇಡವೆಂದದ್ದು, ಹಾಳೆಯಲ್ಲಿದ್ದ ಸಾಲು, ನಾನು ಟೈಪ್ ಮಾಡಿದ್ದು.

ಆ ಕಡೆ ಯಾರದೋ ಮನೆಯ ಟೀವಿ ಕೇಳಿಸುತ್ತಿತ್ತು.

"ಆಂಟಿ?"

"ಕೇಳ್ಸಾಕತ್ತೇತಿ."

"ಅವಳಿಗೂ ಹೇಳ್ಬೇಕು ಅಂತಿದೀನಿ."

"ಬ್ಯಾಡ." ಧ್ವನಿ ಗಟ್ಟಿಯಾಗಿತ್ತು. "ನಿನ್ನ ಎದಿ ಹಗುರ ಆಗಬೇಕಂತ ಅಕಿಗೆ ಹೇಳ್ತೀಯೇನು? ನೀ ತಪ್ಪು ಮಾಡೀದಿ. ಅಂವಾ ತಪ್ಪು ಮಾಡ್ಯಾನ. ನಾ ಸಿಟ್ಟಾದ್ರ ಇಲ್ಲಿಂದ ಏನ್ ಮಾಡ್ಲಿ? ಅಕಿಗೆ ಅಲ್ಲಿ ನೀ ಒಬ್ಬಾಕಿನ ಅದಿ. ಅಕಿ ವಿಮಾನದ ಮ್ಯಾಲೆ ಸಿಟ್ಟಾಗ್ಯಾಳಲ್ಲ, ಆಗ್ಲಿ ಬಿಡು."

ನಾನು ಏನೋ ಹೇಳಲು ಹೋದೆ.

"ಇನ್ನ ನನ್ನ ಕೂಡ ಈ ಮಾತು ತಗೀಬ್ಯಾಡ," ಎಂದರು. "ಅಕಿಗೆ ನಾಷ್ಟಾ ಏನ್ ಮಾಡೀದಿ?"

"ಉಪ್ಪಿಟ್ಟು."

"ಶೇಂಗಾ ಹಾಕು. ಹಾಕದಿದ್ರ ತಿನ್ನಂಗಿಲ್ಲ ಅಕಿ," ಎಂದು ಫೋನಿಟ್ಟರು. ಅಲ್ಲಿಯವರೆಗೂ ಅವರು ಪ್ರತಿ ಸಲ ನನ್ನನ್ನು ತಂಗಿ ಎಂದು ಕರೆದೇ ಫೋನಿಡುತ್ತಿದ್ದರು.